ಕೌದಿಯ ಮೂಲೆಯಲ್ಲಿ ರೊಟ್ಟಿ ಚೂರು

ಓದುವ ಎಲ್ಲರಿಗೂ ಶರಣು. ನಾನು ಬರಹಗಾರನಲ್ಲ. ಮೀಸೆ ಬಂದ ಮೇಲೆ ಶಾಲೆಯ ಬೆಂಚಿನ ಮೇಲೆ ಕೂತವನು. ಈಗ ಮಗನ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ಮಾತು ಹಿಂದೆ ಮುಂದೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ನಾನು ಹೇಳಲು ಕೂತಿರುವ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವುದಿಲ್ಲ.

ಆ ತಪ್ಪು ಇದು. ಕೌದಿಗಳಿಗೆ ಇಲಿ ಬಿದ್ದದ್ದು ಚಂದಮ್ಮ ಇಟ್ಟ ರೊಟ್ಟಿ ಚೂರಿನಿಂದ ಅಲ್ಲ. ನಾನು ಇಟ್ಟ ಶೇಂಗಾ ಚೀಲಗಳಿಂದ. ಇದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಸಾಹೇಬರ ಮುಂದೆ, ಎಲ್ಲ ಹೆಣ್ಣುಮಕ್ಕಳ ಮುಂದೆ, ಚಂದಮ್ಮನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಒಂದು ಊರಿನ ಕೆಲಸ ಹೋಯಿತು. ನನ್ನ ಕೆಲಸ ಉಳಿಯಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಆಳಂದದವನು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಚಹಾದ ಅಂಗಡಿಯಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದೆ. ದೊಡ್ಡವನಾದ ಮೇಲೆ ಹಿರೋಳ್ಳಿಯ ನನ್ನ ಅಕ್ಕನ ಮನೆಯಲ್ಲಿ ಉಳಿದು, ಭಾವನ ಅನ್ನ ತಿಂದು, ಮತ್ತೆ ಓದಿ ಮೆಟ್ರಿಕ್ ಪಾಸಾದೆ. ಹಳ್ಳಿಗಳಲ್ಲಿ ಸಣ್ಣ ಉದ್ಯೋಗ ಕಟ್ಟಿಕೊಡುವ ಒಂದು ಸಂಸ್ಥೆಯಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಮಂದಿ ಊರು ಬಿಟ್ಟು ಹೋಗಬಾರದು, ಊರಲ್ಲೇ ನಾಲ್ಕು ಕೈಗೆ ಕೆಲಸ ಸಿಗಬೇಕು — ಇದು ಸಂಸ್ಥೆಯ ಮಾತು. ನಾನು ಅದನ್ನು ನಂಬಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅಂಗಿಯ ಕಿಸೆಗೆ ಪೆನ್ನು ಸಿಗಿಸಿ ಬಸ್ಸಿನಿಂದ ಇಳಿಯುವಾಗ, ಈ ಊರುಗಳನ್ನೆಲ್ಲ ನಾನೇ ಉದ್ಧಾರ ಮಾಡುತ್ತೇನೆ ಅನಿಸುತ್ತಿತ್ತು.

ಅಫಜಲಪುರದಿಂದ ಗಾಣಗಾಪುರಕ್ಕೆ ಹೋಗುವ ಕಡೆ ಒಂದು ಹಳ್ಳಿ. ಊರ ಹೆಸರು ಬೇಡ, ಅಲ್ಲಿಯವರಿಗೆ ಗೊತ್ತಾಗುತ್ತದೆ. ಅಲ್ಲಿ ಹತ್ತಿಯ ಹಳೆಯ ಜಿನ್ನಿಂಗ್ ಶೆಡ್ಡು ಖಾಲಿ ಬಿದ್ದಿತ್ತು. ದಸರೆ ಮುಗಿದರೆ ಸಾಕು, ಆ ಊರಿನ ಅರ್ಧ ಮಂದಿ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ ಊರಲ್ಲಿ ಏನು ಕೆಲಸ ಹಚ್ಚಬೇಕು ಎಂದು ನಾನು ಮನೆ ಮನೆ ತಿರುಗುವಾಗ ಕಂಡದ್ದು ಕೌದಿ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೈಯಿಂದ ಹೊಲಿದ ಹೊದಿಕೆ — ಅದು ಇಲ್ಲದ ಮನೆಯೇ ಇರಲಿಲ್ಲ. ಒಳಗೆ ಹಳೆಯ ಸೀರೆ, ಮೇಲೆ ಸೋಲಾಪುರದಿಂದ ತಂದ ಹೊಸ ಬಟ್ಟೆಯ ತುಂಡು ಹಾಕಿ ಹೊಲಿದರೆ ಗಾಣಗಾಪುರದ ಲಾಡ್ಜುಗಳಿಗೆ ಮಾರಬಹುದು ಎಂದೆ. ಸಂಸ್ಥೆ ಹೂಂ ಅಂದಿತು. ಶೆಡ್ಡು ತೆರೆಯಿತು.

ಚಂದಮ್ಮ ಅಲ್ಲಿಯ ಹಿರಿಯಳು ಎಂದು ಯಾರೂ ನೇಮಿಸಲಿಲ್ಲ, ತಾನಾಗಿ ಆದಳು. ಗಂಡ ಮುಂಬೈಗೆ ದುಡಿಯಲು ಹೋದವನು ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಅದೂ ಇಲ್ಲ. ಮಗಳು ಮಾದೇವಿ ಅಫಜಲಪುರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಅವರ ಕೇರಿಯಿಂದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿ ಅವಳೇ.

"ನನ್ನ ಸೂಜಿ ನಡೀತಿದ್ರ ಮಾದೇವಿ ಸಾಲಿ ನಡೀತದ, ತಮ್ಮಾ. ಸೂಜಿ ನಿಂತ್ರ ಆಕಿ ಕೈಯಾಗ ಕುಡಗೋಲು ಬರ್ತದ," ಅನ್ನುತ್ತಿದ್ದಳು ಚಂದಮ್ಮ.

ಉಳಿದವರಿಗೆಲ್ಲ ನಾನು ಸಾಹೇಬ. ಆಕೆಗೆ ಮಾತ್ರ ತಮ್ಮ.

ಮೊದಲ ಕೌದಿ ಮುಗಿಯುವ ದಿನ ನಾನು ಹತ್ತಿರ ನಿಂತು ನೋಡುತ್ತಿದ್ದೆ. ಮೂರು ಮೂಲೆ ಹೊಲಿದು ಒಂದು ಮೂಲೆ ಹಾಗೇ ತೆರೆದು ಬಿಟ್ಟಿದ್ದರು. ಚಂದಮ್ಮ ಸೆರಗಿನ ಗಂಟು ಬಿಚ್ಚಿ, ಗರಿಗರಿಯಾಗಿ ಒಣಗಿಸಿದ ಕಟಕ್ ರೊಟ್ಟಿಯ ಒಂದು ಚೂರು ತೆಗೆದಳು. ಅದರ ಮೇಲೆ ಎರಡು ಹರಳು ಸಕ್ಕರೆ. ಮೂಲೆಯೊಳಗೆ ಇಟ್ಟು ಹೊಲಿಯತೊಡಗಿದಳು.

"ಇದೇನು ಮಾಡಾಕತ್ತೀರಿ?" ಅಂದೆ.

ಬಾಜೂಕ್ಕೆ ಕೂತಿದ್ದ ಗೌರಾಬಾಯಿಯ ಬಾಯಿ ಎಂದೂ ಸುಮ್ಮನಿರುತ್ತಿರಲಿಲ್ಲ. "ಸಾಹೇಬ್ರದು ಊಟ ಆಗಿಲ್ಲ ಕಾಣ್ತದ ಬೇ. ಕೌದಿ ರೊಟ್ಟಿ ಮ್ಯಾಲೆ ಕಣ್ಣಿಟ್ಟಾರ ನೋಡು," ಅಂದಳು. ಶೆಡ್ಡೆಲ್ಲ ನಕ್ಕಿತು.

"ಕೌದಿಗಿ ಊಟ ಹಾಕಾಕತ್ತೇನಿ," ಅಂದಳು ಚಂದಮ್ಮ, ತಲೆ ಎತ್ತದೆ. "ಹಸದು ಮನಿ ಬಿಟ್ಟ ಕೌದಿ ಹೊತ್ಕೊಂಡವ್ರನ್ನೂ ಹಸದ ಮಲಗಸ್ತದ. ನಿಮ್ಮವ್ವ ಹೇಳಿಲ್ಲೇನು?"

ಹೇಳಿದ್ದಳು. ನಮ್ಮವ್ವನೂ ಹೀಗೇ ಚೂರು ಇಟ್ಟು ಹೊಲಿಯುತ್ತಿದ್ದಳು. ಆದರೆ ನಾನೀಗ ಮೇಲ್ವಿಚಾರಕ. ತರಬೇತಿಯಲ್ಲಿ ಕೇಳಿದ ಮಾತು ಬಾಯಿಗೆ ಬಂತು — ಮಾರುವ ಮಾಲಿನಲ್ಲಿ ತಿನ್ನುವ ವಸ್ತು ಇರಬಾರದು, ಹುಳ ಬೀಳುತ್ತದೆ, ಗಿರಾಕಿ ಒಪ್ಪುವುದಿಲ್ಲ.

ಚಂದಮ್ಮ ಸೂಜಿ ನಿಲ್ಲಿಸಿದಳು. "ಹೆಣ್ಮಗಳನ್ನ ಗಂಡನ ಮನಿಗಿ ಕಳಸೂ ಮುಂದ ಉಡಿ ತುಂಬದ ಕಳಸ್ತೇವೇನು ತಮ್ಮಾ? ಇದೂ ನಮ್ಮ ಕೈಯಾಗ ಹುಟ್ಟಿದ್ದು. ಉಗುರಿನಷ್ಟ ಇಡ್ತೇವಿ. ವರ್ಷಗಟ್ಲೆ ಇಟ್ರೂ ಕಟಕ್ ರೊಟ್ಟಿಗಿ ಏನೂ ಆಗಂಗಿಲ್ಲ, ನಿನಗ ಗೊತ್ತದ."

ನಾನು ಸುತ್ತ ನೋಡಿದೆ. ಎಲ್ಲರ ಸೂಜಿ ನಿಂತಿತ್ತು. "ಇಡ್ರಿ. ನಾ ನೋಡಿಲ್ಲ," ಅಂದೆ.

"ನೋಡಿದಿ," ಅಂದು ನಕ್ಕಳು ಚಂದಮ್ಮ. "ನೋಡಿ ಹೂಂ ಅಂದಿ. ಅಷ್ಟು ಸಾಕು."

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೋಡಿದ್ದೆ. ಹೂಂ ಅಂದಿದ್ದೆ.

ಕೌದಿಗಳು ಗಾಣಗಾಪುರಕ್ಕೆ ಹೋದವು. ಲಾಡ್ಜಿನಲ್ಲಿ ಉಳಿದ ಪುಣೆಯ ಒಬ್ಬ ವ್ಯಾಪಾರಿ, ದತ್ತನ ದರ್ಶನಕ್ಕೆ ಬಂದವನು, ಅಲ್ಲಿ ಹೊದ್ದುಕೊಂಡು ಮಲಗಿ ಮೆಚ್ಚಿಕೊಂಡ. ಮರುದಿನವೇ ಶೆಡ್ಡಿಗೆ ಬಂದ. ತನ್ನ ಅಂಗಡಿಗೆ ಒಂದು ದೊಡ್ಡ ಗಂಟು ಬೇಕು, ಅದು ಚೆನ್ನಾಗಿ ಹೋದರೆ ವರ್ಷವಿಡೀ ತೆಗೆದುಕೊಳ್ಳುತ್ತೇನೆ ಎಂದ. ಆ ವರ್ಷ ದಸರೆ ಮುಗಿದ ಮೇಲೆ ಆ ಕೇರಿಯಿಂದ ಕಬ್ಬಿನ ಲಾರಿ ಹತ್ತಿದವರು ಬಹಳ ಕಮ್ಮಿ. ಶೆಡ್ಡಿನಲ್ಲಿ ಕೂಡಲು ಜಾಗ ಸಾಲದೆ ಹೆಣ್ಣುಮಕ್ಕಳು ಹೊರಗಿನ ಬೇವಿನ ಗಿಡದ ನೆರಳಿಗೆ ತಾಡಪತ್ರಿ ಹಾಸಿ ಕೂತರು. ಗೌರಾಬಾಯಿ ಹಾಡು ಹೇಳುವುದು, ಉಳಿದವರು ಎಳೆ ಎಳೆಯುತ್ತ ಸೊಲ್ಲು ಕೂಡಿಸುವುದು. ಅಂಥ ದಿನಗಳನ್ನು ನಾನು ಮತ್ತೆ ನೋಡಲಿಲ್ಲ. ಮುಗಿದ ಕೌದಿಗಳನ್ನು ಶೆಡ್ಡಿನ ಹಿಂದಿನ ಖೋಲಿಯಲ್ಲಿ ಒಟ್ಟಿ ಇಡುತ್ತಿದ್ದೆವು. ಕೀಲಿ ನನ್ನ ಹತ್ತಿರ.

ಆಗ ಒಂದು ಸಂಜೆ, ಹೆಣ್ಣುಮಕ್ಕಳು ಮನೆಗೆ ಹೋದ ಮೇಲೆ, ಹಿರೋಳ್ಳಿಯಿಂದ ಭಾವ ಟೆಂಪೋ ತುಂಬ ಶೇಂಗಾ ಚೀಲ ಹಾಕಿಕೊಂಡು ಬಂದ.

"ಬೆಲಿ ಏರೂತನಾ ನಿನ್ನ ಖೋಲಿಯಾಗ ಇರ್ಲಿ," ಅಂದ. "ಮನ್ಯಾಗಿಟ್ರ ಅಣ್ಣತಮ್ಮರ ಕಣ್ಣು ಬೀಳ್ತದ. ನೀ ಈಗ ಸಾಹೇಬ ಆಗೀದಿ, ಒಲ್ಲೆ ಅಂದ್ರ ಒಲ್ಲೆ ಅನ್ನು ಮತ್ತ. ನಾ ಏನೂ ಅನ್ಕೊಳ್ಳಂಗಿಲ್ಲ."

ಅವನ ಅನ್ನ ತಿಂದಿದ್ದೆ. ಹೀಗೆ ಬರೆಯುವಾಗ ಅದು ನೆಪದಂತೆ ಕಾಣುತ್ತದೆ — ಹೌದು, ನೆಪವೇ. ಸಂಸ್ಥೆಯ ಖೋಲಿಯಲ್ಲಿ ಬೇರೆ ಮಾಲು ಇಡಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಶೇಂಗಾ ಇದ್ದಲ್ಲಿ ಇಲಿ ಬರುತ್ತವೆ ಎಂಬುದು ಹೊಲದ ಬದುವಿನಲ್ಲಿ ಹುಟ್ಟಿದ ಯಾವನಿಗೆ ಗೊತ್ತಿಲ್ಲ? ಆದರೂ ಚೀಲಗಳನ್ನು ಗೋಡೆಗೆ ಹಚ್ಚಿ ಒಟ್ಟಿಸಿದೆ. ಜಾಗ ಸಾಲದೆ ಕೌದಿಗಳನ್ನು ಅದೇ ಚೀಲಗಳಿಗೆ ಒರಗಿಸಿದೆ. ಆಮೇಲಿಂದ ಹೆಣ್ಣುಮಕ್ಕಳನ್ನು ಒಳಗೆ ಬಿಡದೆ, ಮುಗಿದ ಕೌದಿಗಳನ್ನು ಬಾಗಿಲಲ್ಲೇ ಇಸಿದುಕೊಂಡು ನಾನೇ ಇಡತೊಡಗಿದೆ.

ಒಂದು ದಿನ ಚಂದಮ್ಮ ಬಾಗಿಲ ಹತ್ತಿರ ನಿಂತಳು. "ತಮ್ಮಾ, ಖೋಲಿಯಾಗಿಂದ ಶೇಂಗಾ ವಾಸನಿ ಬರಾಕತ್ತದಲ್ಲ?"

"ಹೊಲದಾಗಿಂದು ಇರ್ಬೇಕು," ಅಂದೆ.

ಆಕೆ ನನ್ನ ಮುಖ ನೋಡಿದಳು. ಮತ್ತೇನೂ ಕೇಳಲಿಲ್ಲ. ಅಂದು ಕೇಳಿದ್ದರೆ, ಬಾಗಿಲು ತೆಗೆ ಅಂದಿದ್ದರೆ... ಇಲ್ಲ. ಕೇಳದೆ ಹೋದದ್ದು ಆಕೆಯ ತಪ್ಪು ಎಂದು ಹೇಳಲು ಈ ಬೆರಳು ಈಗಲೂ ಹವಣಿಸುತ್ತದೆ ನೋಡಿ. ಆ ವಾಕ್ಯ ಅಲ್ಲಿಗೇ ಬಿಡುತ್ತೇನೆ.

ಮಾಲು ಒಯ್ಯುವ ದಿನ ಬಂತು. ಮಧ್ಯಾಹ್ನ ಗುಲಬರ್ಗಾದಿಂದ ನಮ್ಮ ಸಂಸ್ಥೆಯ ಸಾಹೇಬರು, ಜೊತೆಗೆ ಪುಣೆ ವ್ಯಾಪಾರಿಯ ಮನುಷ್ಯ ಬರುವವರಿದ್ದರು. ಕೊನೆಯ ಕೌದಿ ಇಟ್ಟು ಕೀಲಿ ಹಾಕಿದ ಮೇಲೆ ಎರಡು ವಾರ ಒಳಗೆ ಕಾಲಿಟ್ಟಿರಲಿಲ್ಲ, ಅಂದು ಬೆಳಿಗ್ಗೆಯೇ ಬಂದು ಖೋಲಿ ತೆಗೆದೆ. ಕಾಲಿನ ಮೇಲೆಯೇ ಇಲಿ ಹರಿದು ಹೋದವು. ಚೀಲಗಳು ಹರಿದು ಶೇಂಗಾ ನೆಲಕ್ಕೆಲ್ಲ ಚೆಲ್ಲಿತ್ತು. ಚೀಲಕ್ಕೆ ಒರಗಿದ್ದ ಕೌದಿಗಳನ್ನು ಇಲಿಗಳು ನಡುವೆ ಕೊರೆದು ದಾರಿ ಮಾಡಿಕೊಂಡಿದ್ದವು. ಒಂದನ್ನು ಎತ್ತಿದರೆ ಒಳಗಿನ ಸೀರೆಯ ಚಿಂದಿ ಉದುರಿತು.

ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಕೌದಿ ಬಿಸಿಲಿಗೆ ಹಾಕಲಿಲ್ಲ, ಚಂದಮ್ಮನನ್ನು ಕರೆಯಲಿಲ್ಲ. ಬಂಡಿ ತರಿಸಿ, ಹೆಣ್ಣುಮಕ್ಕಳು ಬರುವುದರೊಳಗೆ ಚೀಲಗಳನ್ನು ಊರಾಚೆ ಸಾಗಿಸಿದೆ. ಸಿಪ್ಪೆಯನ್ನೆಲ್ಲ ನಾನೇ ಕಸಬರಿಗೆ ಹಿಡಿದು ಗುಡಿಸಿದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿರಲಿಕ್ಕಿಲ್ಲ. ಗುಡಿಸುವಾಗ ಒಂದು ಕೌದಿಯ ಮೂಲೆ ಕೈಗೆ ಹತ್ತಿತು. ಒತ್ತಿ ನೋಡಿದೆ. ಒಳಗೆ ರೊಟ್ಟಿ ಚೂರು ಗಟ್ಟಿಯಾಗಿ, ಇಟ್ಟದ್ದು ಇಟ್ಟ ಹಾಗೇ ಇತ್ತು. ಇನ್ನೊಂದರ ಮೂಲೆ ಒತ್ತಿದೆ. ಅದೂ ಹಾಗೇ. ಇಲಿಗಳು ಮೂಲೆಯ ಹತ್ತಿರವೂ ಸುಳಿದಿರಲಿಲ್ಲ.

ಆದರೆ ಮೂಲೆ ಒತ್ತುತ್ತ ಒತ್ತುತ್ತಲೇ, ಸಾಹೇಬರಿಗೆ ಏನು ಹೇಳಬೇಕು ಎಂಬುದು ನನಗೆ ಹೊಳೆದಿತ್ತು.

ಸಾಹೇಬರು ಬಂದರು. ಕೌದಿಗಳನ್ನು ಹೊರಗೆ ಹಾಕಿಸಿ ನೋಡಿದರು. ಹೆಣ್ಣುಮಕ್ಕಳು ಸುತ್ತ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಗೌರಾಬಾಯಿ ಅಳುತ್ತಿದ್ದಳು. ಪುಣೆಯ ಮನುಷ್ಯ ದೂರ ನಿಂತು ಎಲೆಯಡಿಕೆ ಹಾಕಿಕೊಂಡ.

"ಏನ್ರೀ ಇದು? ಹೇಗಾಯ್ತು?" ಎಂದು ಸಾಹೇಬರು ನನ್ನ ಕಡೆ ತಿರುಗಿದರು.

"ಇವ್ರು ಕೌದಿಗಿ ಊಟ ಹಾಕ್ತೇವಿ ಅಂತ ಒಳಗ ರೊಟ್ಟಿ ಇಟ್ಟು ಹೊಲೀತಾರ್ರಿ ಸರ್," ಅಂದೆ. "ಚಂದಮ್ಮ ಕಲಿಸಿದ ಚಟ. ನಾ ಬ್ಯಾಡ ಬ್ಯಾಡ ಅಂದ್ರೂ ಕದ್ದು ಇಡ್ತಾರ್ರಿ."

ಕದ್ದು — ಆ ಶಬ್ದ ನನ್ನದೇ. ಯಾರೂ ನನ್ನ ಬಾಯಲ್ಲಿ ಇಡಲಿಲ್ಲ.

ಸಾಹೇಬರು ನಂಬಲಾರದೆ ಒಂದು ಕೌದಿಯ ಮೂಲೆಯನ್ನು ಬ್ಲೇಡಿನಿಂದ ಕೊಯ್ದರು. ರೊಟ್ಟಿ ಚೂರು ನೆಲಕ್ಕೆ ಬಿತ್ತು. ಅದನ್ನು ನೋಡಿ ಅವರು ಜೋರಾಗಿ ನಕ್ಕರು. ಪುಣೆಯವನಿಗೂ ಹಿಂದಿಯಲ್ಲಿ ತಿಳಿಸಿ ಹೇಳಿ ನಗಿಸಿದರು. "ಕೌದಿಗೆ ಊಟ ಹಾಕ್ತಾರಂತ್ರೀ! ಇಂಥವರಿಗೆ ಉದ್ಯೋಗ ಕೊಟ್ಟು ಉದ್ಧಾರ ಮಾಡಬೇಕಂತೆ ನಾವು."

ಚಂದಮ್ಮ ಮುಂದೆ ಬಂದಳು. ಬಾಗಿ ಆ ಚೂರನ್ನು ಎತ್ತಿಕೊಂಡಳು.

"ಹೌದ್ರಿ, ಇಟ್ಟೇವಿ. ಕದ್ದು ಇಟ್ಟಿಲ್ಲ," ಅಂದಳು. "ಇಲಿ ಇದಕ್ಕ ಬಂದಿದ್ರ, ಇದು ಹ್ಯಾಂಗ ಉಳೀತ್ರಿ?"

ಸಾಹೇಬರ ನಗು ಇನ್ನೂ ನಿಂತಿರಲಿಲ್ಲ. ಆಕೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ. ಆಕೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಕಾಯುತ್ತಿದ್ದಳು.

"ನೀವ ಹೇಳ್ರಿ ಸಾಹೇಬ್ರ. ಆ ಖೋಲಿಯಾಗ ಬ್ಯಾರೆ ಏನಿತ್ತು?"

ತಮ್ಮಾ ಅನ್ನಲಿಲ್ಲ. ಸಾಹೇಬ್ರ ಅಂದಳು.

ನಾನು ಹೇಳಿದೆ — "ಏನೂ ಇರ್ಲಿಲ್ಲ."

ಆಕೆ ಆ ಚೂರನ್ನು ಸೆರಗಿಗೆ ಕಟ್ಟಿಕೊಂಡು ಶೆಡ್ಡಿನಿಂದ ಹೊರಗೆ ನಡೆದಳು. ಸೂಜಿ, ದಾರ ಎಲ್ಲ ಅಲ್ಲಿಯೇ ಬಿಟ್ಟಳು.

ಪುಣೆಯವನು ಬರಿಗೈಲಿ ಹೋದ. ಸಂಸ್ಥೆ ಶೆಡ್ಡಿಗೆ ಬೀಗ ಹಾಕಿತು. ಹೆಣ್ಣುಮಕ್ಕಳ ಸಿಟ್ಟು ನನ್ನ ಮೇಲೆ ಬರಲಿಲ್ಲ. ಸಾಹೇಬರ ಮೇಲೂ ಬರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಗೌರಾಬಾಯಿ ಚಂದಮ್ಮನಿಗೆ, "ನಿನ್ನ ಕೌದಿ ಉಂಡು ಮಲಗಿತು. ನಮ್ಮ ಮಕ್ಕಳನ್ನ ಹಸದ ಮಲಗಿಸ್ದಿ ಬೇ," ಅಂದಳಂತೆ. ಅದನ್ನು ಕೇಳಿ ನನಗೆ ಅಳು ಬಂತು ಎಂದು ಬರೆಯಬಹುದಿತ್ತು. ಬರಲಿಲ್ಲ. ನನ್ನ ಹೆಸರು ಬರಲಿಲ್ಲವಲ್ಲ ಎಂದು ಉಸಿರು ಬಿಟ್ಟೆ.

ಮುಂದಿನ ಕಬ್ಬಿನ ಕಾಲಕ್ಕೆ ಕೇರಿ ಮತ್ತೆ ಖಾಲಿಯಾಯಿತು. ಚಂದಮ್ಮ ಕಬ್ಬಿಗೆ ಹೋಗಲಿಲ್ಲ, ಬೀಡಿ ಕಟ್ಟಲು ಸೋಲಾಪುರಕ್ಕೆ ಹೋದಳು. ಮಾದೇವಿಯನ್ನು ಶಾಲೆ ಬಿಡಿಸಿ ಜೊತೆಗೆ ಕರೆದುಕೊಂಡು ಹೋದಳು ಎಂದು ಕೇಳಿದೆ.

ನನ್ನನ್ನು ಜೇವರ್ಗಿಗೆ ಹಾಕಿದರು. ಆಮೇಲೆ ತರಬೇತಿ ಕೊಡುವ ಕೆಲಸಕ್ಕೆ ಏರಿಸಿದರು. ಇಲ್ಲಿಂದ ಮುಂದಿನದು ಬರೆಯಲು ಎಲ್ಲಕ್ಕಿಂತ ಕಷ್ಟ. ಸ್ವಂತ ಉದ್ಯೋಗ ಮಾಡುವ ಹುಡುಗರಿಗೆ, ಹೆಣ್ಣುಮಕ್ಕಳಿಗೆ ನಾನು ಪಾಠ ಹೇಳುತ್ತಿದ್ದೆ. ಮಂದಿ ತೂಕಡಿಸತೊಡಗಿದರೆ ನನ್ನ ಹತ್ತಿರ ಒಂದು ಕಥೆ ಇತ್ತು — ಕೌದಿಗೆ ಊಟ ಹಾಕಿದ ಹೆಂಗಸಿನ ಕಥೆ. ಕೈ ಬಾಯಿ ತಿರುಗಿಸಿ ಹೇಳುತ್ತಿದ್ದೆ. ಇಲಿಯ ಹಾಗೆ ಹಲ್ಲು ಕಿರಿದು ತೋರಿಸುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. "ಮೂಢನಂಬಿಕೆಯಿಂದ ವ್ಯಾಪಾರ ಮುಳುಗುತ್ತದೆ" ಎಂದು ಕೊನೆಗೆ ಗಂಭೀರವಾಗಿ ಹೇಳಿ ಚಹಾಕ್ಕೆ ಬಿಡುತ್ತಿದ್ದೆ. ವರ್ಷ ವರ್ಷ ಹೇಳಿದೆ. ಹೇಳುತ್ತ ಹೇಳುತ್ತ ಶೇಂಗಾ ಚೀಲ ನನ್ನ ನೆನಪಿನಿಂದಲೂ ಸರಿದು, ನಿಜವಾಗಿಯೂ ರೊಟ್ಟಿಗೇ ಇಲಿ ಬಂದಿದ್ದವೇನೋ ಅನಿಸುವಷ್ಟು...

ತೊಂಬತ್ತರ ದಶಕದ ಕೊನೆಗೆ, ಊರೂರಿಗೆ ಹೆಣ್ಣುಮಕ್ಕಳ ಸಂಘಗಳಾಗುವ ಕಾಲಕ್ಕೆ, ಅಫಜಲಪುರದ ಕಡೆಯ ಒಂದು ಸಂಘಕ್ಕೆ ನನ್ನನ್ನು ಕರೆದರು. ಅವರೂ ಕೌದಿ ಹೊಲಿಯುತ್ತಿದ್ದರು. ಹಾಸಿದ ಕೌದಿಯ ನಾಲ್ಕೂ ಮೂಲೆ ಬಿಗಿದು ಹೊಲಿದಿದ್ದವು. ನನ್ನ ಕೈ ತಾನಾಗಿ ಮೂಲೆ ಒತ್ತಿತು. ಒಳಗೆ ಏನೂ ಇರಲಿಲ್ಲ.

ಸಂಘದ ಮುಂದಾಳು ಹೆಣ್ಣುಮಗಳು ಅದನ್ನು ನೋಡಿ ಹೇಳಿದಳು, "ನಾವು ರೊಟ್ಟಿ ಇಡಂಗಿಲ್ರಿ ಸರ್. ನಮ್ಮ ಸಂಘದಾಗ ಮೊದಲ ಕಾಯ್ದೆ ಅದ. ನೀವ ತರಬೇತಿಯಾಗ ಹೇಳಿದ್ದು."

ನಾನು ತಲೆ ಆಡಿಸಿದೆ.

ಆಕೆ ದನಿ ತಗ್ಗಿಸಿದಳು. "ಗುರ್ತು ಹತ್ತಲಿಲ್ಲೇನ್ರಿ? ನಾ ಮಾದೇವಿ. ಚಂದಮ್ಮನ ಮಗಳು."

ಸೋಲಾಪುರದಲ್ಲಿ ಬೆಳೆದು, ಈ ಊರಿಗೆ ಸೊಸೆಯಾಗಿ ಬಂದಿದ್ದಳು. ಅವ್ವ ತೀರಿಕೊಂಡು ವರ್ಷಗಳಾದವು ಎಂದಳು. ಅವ್ವ ಶೆಡ್ಡಿನ ಮಾತು ಎಂದೂ ಆಡುತ್ತಿರಲಿಲ್ಲವಂತೆ. ಕೇರಿಯ ಮಂದಿ ಆಡಿದ್ದಷ್ಟೇ ಇವಳಿಗೆ ಗೊತ್ತು. ಆಮೇಲೆ ಅವಳು ಎದ್ದು ನಿಂತಳು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು, ಕೈ ಜೋಡಿಸಿದಳು.

"ನಮ್ಮವ್ವನ ಹಟದಿಂದ ಅಷ್ಟು ಮಂದಿ ಕೆಲ್ಸ ಹೋತು. ನಿಮಗ ಸಾಹೇಬ್ರ ಮುಂದ ತಲಿ ತಗ್ಗಿಸೂದಾತು. ಆಕಿ ಮಾಫಿ ಕೇಳಲಿಲ್ಲ. ಆಕಿ ಪರವಾಗಿ ನಾ ಕೇಳ್ತೇನ್ರಿ — ತಪ್ಪಾತು, ಮಾಫ್ ಮಾಡ್ರಿ."

ಓದುಗರೇ, ಆಗ ನಾನು ಏನು ಮಾಡಿದೆ ಗೊತ್ತೇ? ಅವಳ ಕಾಲು ಹಿಡಿಯಲಿಲ್ಲ. ಬಾಯಿ ಬಿಡಲಿಲ್ಲ. "ಇರ್ಲಿ ಬಿಡವ್ವ. ಆಗಿದ್ದು ಆಗಿ ಹೋತು," ಅಂದೆ. ಚಂದಮ್ಮನನ್ನು ನಾನು — ನಾನು — ಕ್ಷಮಿಸಿದೆ. ಮೊದಲಿನ ಸುಳ್ಳು ಹೆದರಿಕೆಯಿಂದ ಬಂತು ಎಂದುಕೊಂಡರೂ, ಇದಕ್ಕೆ ಏನು ಹೆಸರು ಇಡಬೇಕು? ಅಂದು ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಅವರು ಶಾಲು ಹೊದಿಸಿದರು. ಹೊದ್ದುಕೊಂಡೆ. ಅವರು ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ.

ಇಲಿ ಕಡಿದ ಕೌದಿಗಳಲ್ಲಿ ಒಂದನ್ನು ನಾನು ಸಾಹೇಬರು ಶೆಡ್ಡಿಗೆ ಬಂದ ದಿನವೇ ಮನೆಗೆ ತಂದಿದ್ದೆ. ಯಾಕೆ ತಂದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ನಡುವಿನ ತೂತಿಗೆ ನನ್ನ ಹೆಂಡತಿ ತೇಪೆ ಹಾಕಿದಳು. ಮಕ್ಕಳು ಅದನ್ನು ಹೊದ್ದು ಬೆಳೆದರು. ಮೂಲೆಯಲ್ಲಿ ಏನೋ ಗಟ್ಟಿ ಹತ್ತುತ್ತದಲ್ಲ ಎಂದು ಅವಳು ಕೇಳಿದಾಗ ಗಂಟು ಇರಬೇಕು ಅಂದಿದ್ದೆ. ಮೊನ್ನೆ ಟ್ರಂಕಿನಿಂದ ತೆಗೆದೆ. ಬಣ್ಣ ಹೋಗಿದೆ, ಅಂಚು ಸವೆದಿದೆ. ಚಂದಮ್ಮ ಹೊಲಿದ ಆ ಮೂಲೆಯ ಎಳೆ ಮಾತ್ರ ಒಂದೂ ಬಿಚ್ಚಿಲ್ಲ. ಒತ್ತಿದರೆ ಒಳಗಿನ ಚೂರು ಪುಡಿಯಾದದ್ದು ಬೆರಳಿಗೆ ತಿಳಿಯುತ್ತದೆ. ಪುಡಿಯಾದರೂ ಅಲ್ಲೇ ಇದೆ.

ಆ ಮೂಲೆಯನ್ನು ನಾನು ಬಿಚ್ಚುವುದಿಲ್ಲ. ಅದು ನನ್ನ ಹಕ್ಕಲ್ಲ. ಬರುವ ಸೋಮವಾರ ಕೌದಿಯನ್ನು ಬಗಲಲ್ಲಿ ಹಿಡಿದು ಮಾದೇವಿಯ ಊರಿಗೆ ಹೋಗುತ್ತೇನೆ. ಸಂಘದ ಹೆಣ್ಣುಮಕ್ಕಳು, ಗೌರಾಬಾಯಿ ಇನ್ನೂ ಇದ್ದರೆ ಶೆಡ್ಡಿನ ಊರಿಂದ ಬಂದು ಅವಳೂ, ಎಲ್ಲರೂ ಕೂಡಿದ ಮೇಲೆ ಮಾದೇವಿಯ ಕೈಯಿಂದಲೇ ಬಿಚ್ಚಿಸುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳುತ್ತೇನೆ. ಅವರು ಉಗುಳಿದರೆ ಒರೆಸಿಕೊಳ್ಳುವುದಿಲ್ಲ. ಇದು ನಿಮ್ಮ ಕೈಗೆ ಬರುವ ಹೊತ್ತಿಗೆ ಮಾದೇವಿ ಕೇಳಿ ಆಗಿರುತ್ತದೆ. ಅವಳು ಕೇಳುವ ಮೊದಲು ಇದನ್ನು ಅಚ್ಚಿಗೆ ಕೊಡುವುದಿಲ್ಲ.

ನಿಮ್ಮ ಊರಲ್ಲೂ ಬೀಗ ಬಿದ್ದ ಒಂದು ಶೆಡ್ಡು ಇರಬಹುದು — ಬತ್ತಿ ಹೊಸೆಯುವುದೋ, ಹಪ್ಪಳದ್ದೋ, ಬೇಳೆ ಹಸನು ಮಾಡುವುದೋ. ಅದು ಯಾರಿಂದ ಮುಚ್ಚಿತು ಎಂದು ಊರು ಒಂದು ಹೆಸರು ಹೇಳುತ್ತಿರುತ್ತದೆ, ಬಹಳ ಮಾಡಿ ಒಬ್ಬ ಹೆಣ್ಣುಮಗಳ ಹೆಸರು. ಆ ಖೋಲಿಯಲ್ಲಿ ಬೇರೆ ಏನಿತ್ತು ಎಂದು ಗೊತ್ತಿದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ದಯಮಾಡಿ ಬರೆಯಿರಿ. ಆ ಹೆಣ್ಣುಮಗಳು ಬದುಕಿರುವಾಗಲೇ ಬರೆಯಿರಿ.